ಪೋಖರಾದಲ್ಲಿ ಒಂದು ರಾತ್ರಿ ಸಾಕಾ?

ಭಾನುವಾರ ಬೆಳಿಗ್ಗೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಡೆದ ಜಗಳ ಇದು. ಶುಭೋದಯದ ಗುಲಾಬಿಗಳನ್ನೂ ಭಾವ ತಪ್ಪಾಗಿ ಇಲ್ಲಿಗೆ ಕಳಿಸಿದ ಹಾಲಿನ ಲೆಕ್ಕವನ್ನೂ ತೆಗೆದಿದ್ದೇನೆ. ಉಳಿದದ್ದು ಇದ್ದ ಹಾಗೇ ಇದೆ.

ತೀರ್ಥಹಳ್ಳಿ ಚಿಕ್ಕಪ್ಪ: (ಫಾರ್ವರ್ಡ್) ಮುಕ್ತಿನಾಥ, ಪೋಖರಾ, ಕಠ್ಮಂಡು! 5 ರಾತ್ರಿ, 6 ಹಗಲು. ಜುಲೈ ವಿಶೇಷ ರಿಯಾಯಿತಿ. ಪಾಸ್‌ಪೋರ್ಟ್ ಬೇಡ, ಆಧಾರ್ ಸಾಕು. ಮೀನಿನ ಬಾಲದಂಥ ಪರ್ವತ ಫೇವಾ ಸರೋವರದಲ್ಲಿ ತಲೆಕೆಳಗಾಗಿ ಕಾಣುವ ಅದ್ಭುತ! ನಮ್ಮದೇ ಅಡುಗೆಯವರು, ನಮ್ಮದೇ ಊಟ.

ತೀರ್ಥಹಳ್ಳಿ ಚಿಕ್ಕಪ್ಪ: ಎಲ್ಲರೂ ಹೋಗೋಣ. ಈ ರೇಟಿಗೆ ಮತ್ತೆ ಸಿಗಲ್ಲ.

ದೊಡ್ಡಮ್ಮ: ಮುಕ್ತಿನಾಥ ಅಂದರೆ ಸಾಲಿಗ್ರಾಮ ಸಿಗುವ ಗಂಡಕಿ ಹತ್ತಿರ ತಾನೇ? ನಾನು ಬರುತ್ತೇನೆ. ಅಲ್ಲಿನ 108 ನೀರಿನ ಧಾರೆಗೆ ತಲೆ ಒಡ್ಡಬೇಕು ಅಂತ ಎಷ್ಟೋ ವರ್ಷದ ಆಸೆ.

ಅಕ್ಕ: ದೊಡ್ಡಮ್ಮ, ನಿಮ್ಮ ಮಂಡಿ?

ದೊಡ್ಡಮ್ಮ: ಅದನ್ನೂ ಕರೆದುಕೊಂಡು ಬರುತ್ತೇನೆ.

ನಾನು: ಹೋಗೋಣ ಚಿಕ್ಕಪ್ಪ, ಆದರೆ ಈ ಪ್ಯಾಕೇಜ್ ಬೇಡ. ಪೋಖರಾದಲ್ಲಿ ಮೂರು ದಿನವಾದರೂ ಇರಬೇಕು. ಕೆಳಗೆ ಸಣ್ಣ ಅಕ್ಷರ ಓದಿ. ಕಠ್ಮಂಡುವಿನಿಂದ 200 ಕಿಲೋಮೀಟರ್ ಬಸ್ಸು, ಅಲ್ಲಿಗೆ ಇಡೀ ದಿನ ಹೋಯಿತು. ಸಂಜೆ 7ಕ್ಕೆ ಪೋಖರಾ. ಬೆಳಿಗ್ಗೆ 5ಕ್ಕೆ ಮುಕ್ತಿನಾಥದ ದಾರಿಯಲ್ಲಿರುವ ಜೋಮ್‌ಸೋಮ್‌ಗೆ ಹೊರಡುವುದು. ನೇಪಾಳದ ಗಡಿಯಾರ ನಮಗಿಂತ 15 ನಿಮಿಷ ಮುಂದೆ, ಹಾಗಾಗಿ ನಮ್ಮ ಲೆಕ್ಕದಲ್ಲಿ 4:45. ಪೋಖರಾದಲ್ಲಿ ನೀವು ನೋಡುವುದು ಹೋಟೆಲಿನ ದಿಂಬು.

ತೀರ್ಥಹಳ್ಳಿ ಚಿಕ್ಕಪ್ಪ: ಒಂದು ಕೆರೆ ನೋಡಲು ಎಷ್ಟು ದಿನ ಬೇಕೋ? ಇಳಿ, ಫೋಟೋ ತೆಗೆ, ದೋಣಿಯಲ್ಲಿ ಒಂದು ಸುತ್ತು ಹಾಕು. ಅರ್ಧ ಗಂಟೆ. ನಮಗೇನು ನೀರಿಗೆ ಬರವಾ? ಮನೆ ಹಿಂದೆಯೇ ತುಂಗೆ ಇದ್ದಾಳೆ.

ನಾನು: ಕೆರೆ ಅರ್ಧ ಗಂಟೆಯಲ್ಲಿ ಕಾಣುತ್ತದೆ. ಬೆಟ್ಟ ಕಾಣಲ್ಲ. ನಾನು 2019ರ ಮಾರ್ಚ್‌ನಲ್ಲಿ ಹೋಗಿದ್ದೆ. ಎರಡು ದಿನ ಉತ್ತರಕ್ಕೆ ಬರೀ ಬೂದು ಬಣ್ಣ. ಹೋಟೆಲಿನ ಹುಡುಗ ದಿನಾ ಕೈ ತೋರಿಸಿ ಅಲ್ಲಿದೆ ಅನ್ನುತ್ತಿದ್ದ. ಸುಮ್ನೆ ಹೇಳುತ್ತಿದ್ದಾನೆ ಅಂದುಕೊಂಡೆ. ಎರಡನೇ ರಾತ್ರಿ ಜೋರು ಮಳೆ ಬಂದು ಧೂಳೆಲ್ಲ ತೊಳೆದುಹೋಯಿತು. ಬೆಳಿಗ್ಗೆ ಹಲ್ಲುಜ್ಜುತ್ತಾ ಮಹಡಿಗೆ ಹೋದೆ. ನಾನು ಎರಡು ದಿನ ಹುಡುಕಿದ್ದು ತಪ್ಪು ಜಾಗದಲ್ಲಿ. ಬೆಟ್ಟ ಇದ್ದದ್ದು ಅದಕ್ಕಿಂತ ಎಷ್ಟೋ ಮೇಲೆ, ಮೋಡ ಇರಬೇಕಾದ ಕಡೆ. ಕತ್ತು ಎತ್ತಿ ನೋಡಬೇಕು. ಊರು ಸುಮಾರು 800 ಮೀಟರ್ ಎತ್ತರದಲ್ಲಿದೆ, ಬೆಂಗಳೂರಿಗಿಂತ ತಗ್ಗು. ಆ ಬೆಟ್ಟ ಮಚ್ಛಾಪುಛ್ರೆ, 6,993 ಮೀಟರ್. ನಡುವೆ ಸುಮಾರು 30 ಕಿಲೋಮೀಟರ್ ಅಷ್ಟೇ. ಬಾಯಲ್ಲಿ ಪೇಸ್ಟ್ ಹಾಗೇ ಇತ್ತು. 9 ಗಂಟೆಗೆ ಮತ್ತೆ ಮೋಡ ಮುಚ್ಚಿತು.

ದೊಡ್ಡಮ್ಮ: ಮಚ್ಛಾಪುಛ್ರೆ ಅಂದರೆ ಮತ್ಸ್ಯ, ಪುಚ್ಛ! ಮೀನಿನ ಬಾಲವೇ.

ನಾನು: ಹೌದು ದೊಡ್ಡಮ್ಮ. ಆದರೆ ಆ ಎರಡು ತುದಿ ಕಾಣಬೇಕಾದರೆ ಪಶ್ಚಿಮದ ಕಡೆಗೆ ಹೋಗಬೇಕು. ಊರಿನಿಂದ ಒಂದೇ ಚೂಪು ತುದಿ ಕಾಣುವುದು. ಫಾರ್ವರ್ಡ್‌ನಲ್ಲಿ ಕೆರೆಯ ಮೇಲೆ ಎರಡು ತುದಿ ಇದೆಯಲ್ಲ, ಅದನ್ನು ಯಾರೋ ಅಂಟಿಸಿದ್ದಾರೆ.

ತೀರ್ಥಹಳ್ಳಿ ಚಿಕ್ಕಪ್ಪ: ಅಂದರೆ ಮೂರು ದಿನ ಕಾದರೂ ಬಾಲ ಕಾಣಲ್ಲ! ನೀನೇ ನನ್ನ ಮಾತು ಒಪ್ಪಿದ ಹಾಗಾಯಿತು.

ಅಕ್ಕ: 😂

ನಾನು: 1957ರಲ್ಲಿ ಬ್ರಿಟಿಷರ ತಂಡ ಅದನ್ನು ಹತ್ತಿತು. ತುದಿಗೆ 50 ಮೀಟರೂ ಇಲ್ಲದಿರುವಾಗ ವಾಪಸ್ ಬಂದರು. ಶಿವನ ಜಾಗ ಅಂತ ಆಮೇಲೆ ಹತ್ತಲು ಯಾರಿಗೂ ಅನುಮತಿ ಇಲ್ಲ.

ತೀರ್ಥಹಳ್ಳಿ ಚಿಕ್ಕಪ್ಪ: ಅಷ್ಟು ಹತ್ತಿದವರೇ ಬೇಗ ವಾಪಸ್ ಬಂದಿದ್ದಾರೆ. ನಮಗೆ ಮೂರು ದಿನ ಯಾಕೆ?

ಅಕ್ಕ: ನಾನೂ ಒಂದು ಮಾತು ಹೇಳಲಾ? ನನ್ನ ಆಫೀಸಿನವರು ಹೋಗಿದ್ದರು. ಕೆರೆ ದಡದ ರಸ್ತೆ ತುಂಬ ಬಾರು, ಶಾಲು ಅಂಗಡಿ, ಅಂಗಡಿ ಮುಂದೆ ಕಂಚಿನ ಬಟ್ಟಲು ಉಜ್ಜಿ ಗುಂಯ್ ಅನ್ನಿಸುವವರು. ನೆಮ್ಮದಿ ಅನ್ನುವುದೆಲ್ಲ ಫೋಟೋದಲ್ಲಿ ಅಂದರು.

ನಾನು: ಅದು ನಿಜ. ಲೇಕ್‌ಸೈಡ್ ಅನ್ನುವ ಆ ರಸ್ತೆಯಲ್ಲಿ ಸಂಜೆ ಗಲಾಟೆ ಜಾಸ್ತಿ. ಆದರೆ ಅದೇ ದಡ ಹಿಡಿದು ಖಪೌಡಿ, ಪಾಮೆ ಕಡೆ ನಡೆದರೆ ಅಂಗಡಿ ಮುಗಿದು ಭತ್ತದ ಗದ್ದೆ ಶುರು. ಎಮ್ಮೆಗಳು ನೀರಲ್ಲಿ ಮೂಗು ಮಾತ್ರ ಹೊರಗಿಟ್ಟು ಕೂತಿರುತ್ತವೆ. ದೋಣಿಗೆ ಅಲ್ಲಿ ಡುಂಗಾ ಅನ್ನುತ್ತಾರೆ. ಮರದ್ದು, ನೀಲಿ, ಹಳದಿ, ಕೆಂಪು. ನಮ್ಮದಕ್ಕೆ ಹುಟ್ಟು ಹಾಕಿದ್ದು ದೊಡ್ಡಮ್ಮನ ವಯಸ್ಸಿನ ಒಬ್ಬ ಹೆಂಗಸು. ನಾನು ಹಾಕುತ್ತೇನೆ ಅಂತ ಇಸಿದುಕೊಂಡೆ. ದೋಣಿ ಇದ್ದಲ್ಲೇ ಗಿರಗಿರ ತಿರುಗಿತು. ಆಕೆ ಏನೂ ಹೇಳದೆ ಕೈ ಚಾಚಿ ಹುಟ್ಟು ವಾಪಸ್ ತೆಗೆದುಕೊಂಡರು. ನಡುಗಡ್ಡೆಯಲ್ಲಿ ಬಾರಾಹಿ ಗುಡಿ ಇದೆ. ಅಲ್ಲಿಗೆ ದೋಣಿಯಲ್ಲೇ ಹೋಗಬೇಕು.

ದೊಡ್ಡಮ್ಮ: ವಾರಾಹಿ ಅಮ್ಮನಾ? ಇದನ್ನು ಮೊದಲೇ ಹೇಳುವುದಲ್ವಾ!

ತೀರ್ಥಹಳ್ಳಿ ಚಿಕ್ಕಪ್ಪ: ಅತ್ತಿಗೆ, ನಮ್ಮ ಕಡೆ ವಾರಾಹಿ ಹೆಸರಿನ ಹೊಳೆಯೇ ಇದೆ.

ದೊಡ್ಡಮ್ಮ: ಹೊಳೆ ಇದೆ, ನೀವು ಒಂದು ಸಲವೂ ಕರೆದುಕೊಂಡು ಹೋಗಲಿಲ್ಲ.

(ಇಲ್ಲಿ ಆರು ನಿಮಿಷ ಯಾರೂ ಏನೂ ಬರೆಯಲಿಲ್ಲ.)

ನಾನು: ಇನ್ನೊಂದು, ಜುಲೈ ಅಂದರೆ ಅಲ್ಲಿ ಮಳೆಗಾಲ. ಪೋಖರಾ ಪಕ್ಕದ ಲುಮ್ಲೆಯಲ್ಲಿ ವರ್ಷಕ್ಕೆ 5,000 ಮಿಲಿಮೀಟರ್‌ಗಿಂತ ಜಾಸ್ತಿ ಬೀಳುತ್ತದೆ. ನೇಪಾಳದ ಆಗುಂಬೆ ಅದು.

ತೀರ್ಥಹಳ್ಳಿ ಚಿಕ್ಕಪ್ಪ: ಐದು ಸಾವಿರವಾ? ಆಗುಂಬೆಯಲ್ಲಿ ಏಳು ಸಾವಿರ ದಾಟುತ್ತದೆ. ನಮಗೆ ಮಳೆ ತೋರಿಸಿ ಹೆದರಿಸಬೇಡ.

ಅಕ್ಕ: ಚಿಕ್ಕಪ್ಪ, ಮನೆಯಲ್ಲಿ ಬಿಟ್ಟಿ ಬೀಳುವ ಮಳೆ ನೋಡಲು ದುಡ್ಡು ಕೊಟ್ಟು ನೇಪಾಳಕ್ಕೆ ಹೋಗಬೇಕಾ? ಗುಡ್ಡ ಜರಿದು ದಾರಿ ಮುಚ್ಚಿದರೆ? ಮುಕ್ತಿನಾಥ 3,700 ಮೀಟರಿಗೂ ಮೇಲಿದೆ. ದೊಡ್ಡಮ್ಮನನ್ನು ಒಂದೇ ಓಟದಲ್ಲಿ ಹತ್ತಿಸಬಾರದು. ಜೋಮ್‌ಸೋಮ್‌ನಲ್ಲಿ ಒಂದು ರಾತ್ರಿ ನಿಲ್ಲಲೇಬೇಕು.

ನಾನು: ಜೋಮ್‌ಸೋಮ್‌ನಲ್ಲಿ ಮಧ್ಯಾಹ್ನ ಗಾಳಿ ಏಳುತ್ತದೆ, ಅದಕ್ಕೇ ವಿಮಾನ ಬೆಳಿಗ್ಗೆ ಮಾತ್ರ. ಮೋಡ ಇದ್ದರೆ ಅದೂ ಇಲ್ಲ. ಆಗ ಚಿಕ್ಕಪ್ಪ ಬೇಡ ಅಂದರೂ ಪೋಖರಾದಲ್ಲೇ ಕೂರಬೇಕು.

ಅಕ್ಕ: ಅದಿರಲಿ, ಆಧಾರ್ ಸಾಕು ಅನ್ನುವುದು ನಿಜವಾ?

ನಾನು: ಅರ್ಧ ನಿಜ. 65 ದಾಟಿದವರಿಗೆ, 15ರ ಒಳಗಿನವರಿಗೆ ಸಾಕು. ಉಳಿದವರಿಗೆ ವೀಸಾ ಬೇಡ, ಆದರೆ ಪಾಸ್‌ಪೋರ್ಟ್ ಇಲ್ಲವೇ ವೋಟರ್ ಕಾರ್ಡ್ ಬೇಕು. ದೊಡ್ಡಮ್ಮನಿಗೆ 71, ತೊಂದರೆ ಇಲ್ಲ. ಚಿಕ್ಕಪ್ಪನಿಗೆ 62.

(ಚಿಕ್ಕಪ್ಪ ಓದಿದ್ದಾರೆ, ನೀಲಿ ಗುರುತು ಬಂದಿದೆ. ಉತ್ತರ ಬಂದಿಲ್ಲ. ಬಂದದ್ದು ಈ ಗುಂಪಿನಲ್ಲಿ ಯಾವತ್ತೂ ಬಾಯಿ ಬಿಡದ ಚಿಕ್ಕಮ್ಮನಿಂದ.)

ಚಿಕ್ಕಮ್ಮ: ಇವರ ಪಾಸ್‌ಪೋರ್ಟ್ ಮುಗಿದು ಮೂರು ವರ್ಷ ಆಯಿತು. ವೋಟರ್ ಕಾರ್ಡ್ ಅಟ್ಟದ ಟ್ರಂಕಿನಲ್ಲಿದೆ. ಅದರ ಫೋಟೋದಲ್ಲಿ ಮೀಸೆ ಇದೆ, ಈಗ ಇಲ್ಲ. ನಡೆಯುತ್ತಾ?

ಅಕ್ಕ: ನಡೆಯುತ್ತೆ ಚಿಕ್ಕಮ್ಮ. ಬೇಕಾದರೆ ಅಷ್ಟರಲ್ಲಿ ಬೆಳೆಸಿಕೊಳ್ಳಲಿ.

ನಾನು: ನವೆಂಬರ್‌ಗೆ ಇಟ್ಟುಕೊಳ್ಳೋಣ. ಆಕಾಶ ಸ್ವಚ್ಛ ಇರುತ್ತದೆ.

ತೀರ್ಥಹಳ್ಳಿ ಚಿಕ್ಕಪ್ಪ: ನವೆಂಬರ್‌ನಲ್ಲಿ ಅಡಿಕೆ ಕೊಯ್ಲು. ಕೊನೆಗಾರ ಬರುವ ದಿನ ನಾನು ದೋಣಿಯಲ್ಲಿ ಕೂತಿರಲಾ? ಜುಲೈ ಅಂದದ್ದು ಸುಮ್ನೆ ಅಲ್ಲ.

ಅಕ್ಕ: ಓ, ಇದು ವಿಷಯ! ಹಾಗಾದರೆ ಮಾರ್ಚ್?

ನಾನು: ಮಾರ್ಚ್‌ನಲ್ಲಿ ಧೂಳು. ನನ್ನ ಹಾಗೆ ಕಾಯಬೇಕಾಗುತ್ತದೆ.

ತೀರ್ಥಹಳ್ಳಿ ಚಿಕ್ಕಪ್ಪ: ಸರಿ, ಮೂರು ರಾತ್ರಿ ಹಾಕಿಸು. ಬೆಟ್ಟ ಕಾಣದಿದ್ದರೆ ಹೋಟೆಲಿನ ದುಡ್ಡು ನಿನ್ನದು.