ಪದ ಬೇಕು: ಹವಾಯಿಯ 'ರಾಂಚ್', 'ಕಲ್ಚರಲ್ ಇಂಪ್ಯಾಕ್ಟ್ ಅಸೆಸ್‌ಮೆಂಟ್'

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಹವಾಯಿಯ ಹಳ್ಳಿಗಾಡಿನ ರಾಂಚ್ (ದನ ಸಾಕುವ ದೊಡ್ಡ ಖಾಸಗಿ ಆಸ್ತಿ) ಜಮೀನಿನಲ್ಲಿ ಮನೆ, ಹೋಟೆಲ್ ಕಟ್ಟುವ ಮೊದಲು ಏನೇನು ಪರಿಶೀಲಿಸಬೇಕು ಎಂಬ ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಪುಟ ಅಚ್ಚಿಗೆ ಹೋಗುತ್ತದೆ. ಪರಿಸರದ ಭಾಗಕ್ಕೆ 'ಪರಿಸರ ಪರಿಣಾಮ ಅಂದಾಜು' ಎಂದಿಟ್ಟಿದ್ದೇನೆ. ಹವಾಯಿಯ ಪರಿಸರ ಕಾನೂನಿಗೆ 2000ದಲ್ಲಿ ಬಂದ ತಿದ್ದುಪಡಿಯಿಂದ ಅಲ್ಲಿ ಸಂಸ್ಕೃತಿಯ ಮೇಲಾಗುವ ಪರಿಣಾಮವನ್ನೂ ಅದೇ ವರದಿಯಲ್ಲಿ ಹೇಳಬೇಕು. ಅದಕ್ಕೇನು ಪದ? 'ರಾಂಚ್'ಗೆ?

ಉತ್ತರ 1:
ರಾಂಚ್‌ಗೆ 'ಕಾವಲು'. ಹುಡುಕಾಟವೇ ಬೇಡ. ಕಾಯ್ ಧಾತು, ದನ ಕಾಯುವ ಜಾಗ. ಚಳ್ಳಕೆರೆಯ ಅಮೃತಮಹಲ್ ಕಾವಲು ಗೊತ್ತಲ್ವಾ? ಇನ್ನು 'ಸಾಂಸ್ಕೃತಿಕ', 'ಪರಿಣಾಮ' ಎರಡೂ ಸಂಸ್ಕೃತ, 'ಅಂದಾಜು' ಪಾರಸಿ. 'ಬಾಳುವೆಗೆ ತಟ್ಟುವುದರ ಅಳವು' ಎನ್ನಿ.

ಉತ್ತರ 2:
'ಕಾವಲು' ಒಪ್ಪಲಾರೆ. ಅದು ಅರಸರ ದನಗಳಿಗೆ ಬಿಟ್ಟ ನೆಲ, ಸುತ್ತಲ ಊರಿನವರ ಕುರಿ, ದನವೂ ಅಲ್ಲೇ ಮೇದವು. ರಾಂಚ್ ಸ್ವಂತ ಆಸ್ತಿ. ಹವಾಯಿಗೆ ದನ ಬಂದದ್ದು 1793ರಲ್ಲಿ, ಇಂಗ್ಲಿಷ್ ನಾವಿಕ ವ್ಯಾಂಕೂವರ್ ತಂದು ದೊರೆ ಕಮೆಹಮೆಹನಿಗೆ ಕೊಟ್ಟದ್ದು. ದೊರೆ ಕೊಲ್ಲುವುದನ್ನು ನಿಷೇಧಿಸಿದ, ಅವು ಕಾಡು ಸೇರಿ ಹೆಚ್ಚಿದವು. ಅಲ್ಲಿನ ಹೆಸರಾದ ಪಾರ್ಕರ್ ರಾಂಚ್ ಶುರುವಾದದ್ದು 1847ರಲ್ಲಿ. ಮರುವರ್ಷದ 'ಮಹೆಲೆ'ಯಲ್ಲಿ ನೆಲ ಹಂಚಿಹೋಗಿ ಖಾಸಗಿ ಒಡೆತನ ಬಂತು. ಈ ಕಥೆ 'ಕಾವಲು' ಪದದಲ್ಲಿ ಎಲ್ಲಿದೆ? 'ಅಳವು' ಅಂದರೆ ಶಕ್ತಿ. ನಿಘಂಟು ನೋಡಿ.

ಉತ್ತರ 1:
ನೋಡಿಯೇ ಬರೆದದ್ದು. ಅಳತೆ ಎಂಬ ಅರ್ಥವೂ ಇದೆ.

ಉತ್ತರ 3:
'ಹುಲ್ಲುಗಾವಲು' ಸಾಕಲ್ವಾ?

ಉತ್ತರ 2:
ಸಾಲದು. ಹವಾಯಿ ದ್ವೀಪದ ಪಶ್ಚಿಮದ ಕೋನಾ ಕಡೆಯ ರಾಂಚ್ ನೆಲ ಎಷ್ಟೋ ಕಡೆ ಮೊದಲು ಒಣಕಾಡು. ಈಗ ಅಲ್ಲಿರುವುದು ಆಫ್ರಿಕಾ ಮೂಲದ ಫೌಂಟನ್ ಹುಲ್ಲು. ಒಣಗಿದರೆ ಬೆಂಕಿ ಹಿಡಿಯುತ್ತದೆ, ಸುಟ್ಟ ಮೇಲೆ ಮೊದಲು ಅದೇ ಚಿಗುರುತ್ತದೆ, ಮರ ಬರುವುದಿಲ್ಲ. 'ಹುಲ್ಲುಗಾವಲು' ಎಂದರೆ ಓದುಗರು ಅದು ಮೊದಲಿನಿಂದಲೂ ಹಾಗೇ ಇತ್ತು ಅಂದುಕೊಳ್ಳುತ್ತಾರೆ. 'ರಾಂಚ್' ಹಾಗೇ ಇರಲಿ.

ಉತ್ತರ 4:
ಧಾತು ಬಿಡಿ, ಅಲ್ಲಿ ನಡೆಯುವ ಕೆಲಸ ಏನು ನೋಡಿ. ಕೋನಾ ಕರಾವಳಿಯ ಕಾಊಪೂಲೆಹುವಿನಲ್ಲಿ ಸಂರಕ್ಷಿತ ವಲಯದ ನೆಲವನ್ನು ಭೂಬಳಕೆ ಆಯೋಗ ನಗರ ವಲಯಕ್ಕೆ ಸೇರಿಸಿತು. ಹವಾಯಿಯ ಸುಪ್ರೀಂ ಕೋರ್ಟು 2000ದಲ್ಲಿ ಆ ಆದೇಶ ರದ್ದು ಮಾಡಿ ಆಯೋಗಕ್ಕೇ ವಾಪಸು ಕಳಿಸಿತು. ಆಯೋಗ ಮೂರು ವಿಷಯ ನೋಡಬೇಕು ಎಂದಿತು. ಈ ನೆಲದಲ್ಲಿ ಜನರ ಯಾವ ರೂಢಿ, ಯಾವ ಸಂಪತ್ತು ಇದೆ? ಯೋಜನೆಯಿಂದ ಅದಕ್ಕೆ ಎಷ್ಟು ತೊಂದರೆ? ಉಳಿಸಲು ಏನು ಮಾಡಬಹುದು? ಇದನ್ನು ಬಿಲ್ಡರ್ ಕೈಗೆ ಬಿಡುವಂತಿಲ್ಲ ಎಂದೂ ಹೇಳಿತು. ಅಲ್ಲಿನ ರೂಢಿಗಳಲ್ಲಿ ಒಂದು, ಕಡಲಂಚಿನಲ್ಲಿ ಉಪ್ಪು ಕೂಡಿಸುವುದು. ಕೇಸು ಹಾಕಿದ ಕೂಟದ ಹೆಸರೇ 'ಕಾ ಪಾಅಕೈ ಓ ಕಾ ಆಇನಾ', ನೆಲದ ಉಪ್ಪು.
ಅಲ್ಲಿನ ಹಿರಿಯರನ್ನು ಕೂರಿಸಿ ಕೇಳದೆ ಇಂಥ ವರದಿ ಆಗುವುದಿಲ್ಲ. 'ಅಂದಾಜು' ಎಂದರೆ ಕಚೇರಿಯಲ್ಲಿ ಕೂತು ಲೆಕ್ಕ ಹಾಕಿದಂತಿದೆ. 'ಪರಿಶೀಲನೆ' ಹಾಕಿ. ಅದರ ಮುಂದೆ 'ಸಾಂಸ್ಕೃತಿಕ' ಬೇಡ, ಅದು ಸಭಾಂಗಣದ ಕಾರ್ಯಕ್ರಮದಂತೆ ಕೇಳುತ್ತದೆ. 'ಜನರ ರೂಢಿಗಳ ಮೇಲಿನ ಪರಿಣಾಮ ಪರಿಶೀಲನೆ' ಎನ್ನಿ.

ಉತ್ತರ 1:
ಮತ್ತೆ ಸಂಸ್ಕೃತ. ನಮ್ಮ ನುಡಿಗೆ ಕಸುವಿಲ್ಲವೇ? ಹವಾಯಿಯವರು ತಮ್ಮ ನುಡಿ ಉಳಿಸಲು ಎಷ್ಟು ಹೋರಾಡಿದ್ದಾರೆ, ನೀವು ಸುಮ್ನೆ ಕೈಚೆಲ್ಲುತ್ತಿದ್ದೀರಿ.

ಉತ್ತರ 2:
ಅವರು ದನಗಾಹಿಗೆ 'ಪನಿಯೊಲೊ' ಎನ್ನುತ್ತಾರೆ. 1830ರ ದಶಕದಲ್ಲಿ ಮೆಕ್ಸಿಕೋ ಕಡೆಯಿಂದ ಬಂದ ಸವಾರರು ಆಡುತ್ತಿದ್ದ 'ಎಸ್ಪಾನ್ಯೋಲ್' ಇದರ ಮೂಲ. ದನಕ್ಕೆ 'ಪಿಪಿ', ಅದು ಇಂಗ್ಲಿಷಿನ 'ಬೀಫ್'. ಕಡ ತಂದೂ ನುಡಿ ಉಳಿಸಿಕೊಂಡರು. 'ಆಸ್ಪತ್ರೆ'ಯಿಂದ ನಾವೇನು ಕಳಕೊಂಡೆವು?

ಉತ್ತರ 1:
ಆಸ್ಪತ್ರೆ ಜನ ತಂದದ್ದು. 'ಪರಿಶೀಲನೆ' ಪಂಡಿತರು ಹೇರಿದ್ದು. ಎರಡೂ ಒಂದೇ ಅಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. 'ರಾಂಚ್' ಹಾಗೇ ಉಳಿಸಿದೆ. 'ರೂಢಿಗಳ ಮೇಲಿನ ಪರಿಣಾಮ ಪರಿಶೀಲನೆ' ತಲೆಬರಹಕ್ಕೆ ಹೋಯಿತು. ಬೆಟ್ಟದಿಂದ ಕಡಲವರೆಗಿನ ನೆಲದ ಪಟ್ಟಿಗೆ ಅವರು 'ಅಹುಪುಅಅ' ಎನ್ನುತ್ತಾರೆ. ಅದನ್ನು 'ಸೀಮೆ' ಎಂದರೆ ನಡೆದೀತೇ?

ಉತ್ತರ 1:
ಅಹು ಅಂದರೆ ಕಲ್ಲುಗುಪ್ಪೆ, ಪುಅಅ ಅಂದರೆ ಹಂದಿ. ಗಡಿಯ ಕಲ್ಲುಗುಪ್ಪೆಯಿಂದ ಬಂದ ಹೆಸರು. 'ಎಲ್ಲೆ' ಎನ್ನಿ. 'ಸೀಮೆ' ಸಂಸ್ಕೃತ.

ಉತ್ತರ 4:
ಎಲ್ಲೆ ಅಂದರೆ ಗೆರೆ, ನೆಲ ಅಲ್ಲ. 'ಸೀಮೆ' ಹಾಕಿ, ಕಳಿಸಿಬಿಡಿ.