ಅಪ್ಪನ ಹಳೇ ಕ್ಯಾಮೆರಾಕ್ಕೆ ಮತ್ತೆ ರೋಲ್ ಹಾಕಲಾ?

ಕೇಳಿದ್ದು: ಅಟ್ಟದ ಮೇಲೆ ಅಪ್ಪನ ಪೆಂಟಾಕ್ಸ್ ಕೆ1000 ಸಿಕ್ಕಿತು. ಶಟರ್ ಚೆನ್ನಾಗಿಯೇ ಹೊಡೆಯುತ್ತಿದೆ. ಈಗಲೂ ಫಿಲ್ಮ್‌ನಲ್ಲಿ ಫೋಟೊ ತೆಗೆಯುವವರು ಇದ್ದೀರಾ? ಎಲ್ಲಿಂದ ಶುರು ಮಾಡಲಿ? ಸುಮ್ನೆ ದುಡ್ಡು ದಂಡ ಅಲ್ವಾ?

ಮೈಸೂರಿನಿಂದ: ನಾನಿದ್ದೇನೆ. 1989ರಿಂದ ಬಿಟ್ಟಿಲ್ಲ. ಆಗ ಊಟಿಯಲ್ಲಿ ತಯಾರಾಗುತ್ತಿದ್ದ ‘ಇಂದು’ ಅನ್ನೋ ಹೆಸರಿನ ಫಿಲ್ಮ್ ಹಾಕುತ್ತಿದ್ದೆ, ಈಗ ಇಲ್ಫರ್ಡ್ ಕಂಪನಿಯ ಕಪ್ಪುಬಿಳುಪು ಫಿಲ್ಮ್ ಎಚ್‌ಪಿ5. ದುಡ್ಡು ಹೋಗುತ್ತದೆ, ಸುಳ್ಳು ಹೇಳಲ್ಲ. ಆದರೆ ನಿಮ್ಮ ಕ್ಯಾಮೆರಾ ಗಟ್ಟಿ ಪಿಂಡ. ಬ್ಯಾಟರಿ ಬೇಕಿರುವುದು ಬೆಳಕು ಅಳೆಯುವ ಮೀಟರ್‌ಗೆ ಮಾತ್ರ. ಎಲ್‌ಆರ್44 ಅಂತ ಕೇಳಿ, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಮೀಟರ್ ಆಫ್ ಮಾಡಲು ಸ್ವಿಚ್ಚೇ ಇಲ್ಲ, ಲೆನ್ಸ್‌ಗೆ ಮುಚ್ಚಳ ಹಾಕಿಡಬೇಕು ಅಷ್ಟೇ. ಮೀಟರ್ ಸತ್ತಿದ್ದರೂ ಪರವಾಗಿಲ್ಲ. ಐಎಸ್ಒ (ಫಿಲ್ಮ್ ವೇಗ) 400ರ ಫಿಲ್ಮ್‌ಗೆ ಸುಡುಬಿಸಿಲಿನಲ್ಲಿ ಲೆನ್ಸ್ ಕಿಂಡಿ (ಅಪರ್ಚರ್) ಎಫ್16, ಶಟರ್ 1/500 ಸೆಕೆಂಡ್. ಮೋಡ ಕವಿದರೆ ಎಫ್8.

ನನ್ನ ಮೊದಲ ರೋಲ್ ಪೂರ್ತಿ ಖಾಲಿ ಬಂತು. ಅಕ್ಕನ ಮದುವೆಯಲ್ಲಿ 36 ಸಲ ಕ್ಲಿಕ್ಕಿಸಿದ್ದೆ. ಫಿಲ್ಮ್ ತುದಿ ಅದು ಸುತ್ತಿಕೊಳ್ಳುವ ಸ್ಪೂಲ್‌ಗೆ ಸಿಕ್ಕೇ ಇರಲಿಲ್ಲ! ಅಕ್ಕ ಈಗಲೂ ಆಡಿಕೊಳ್ಳುತ್ತಾಳೆ. ಲಿವರ್ ಎಳೆದಾಗ ಎಡಗಡೆಯ ರಿವೈಂಡ್ ಹಿಡಿ ತಿರುಗುತ್ತದಾ ನೋಡಿ. ತಿರುಗದಿದ್ದರೆ ಒಳಗೆ ಫಿಲ್ಮ್ ಓಡುತ್ತಿಲ್ಲ.

ಕಪ್ಪುಬಿಳುಪಾದರೆ ಮನೆಯಲ್ಲೇ ಡೆವಲಪ್ ಮಾಡಿ. ನಾನು ಇದನ್ನು ಬಿಡದಿರಲು ಕಾರಣವೇ ಅದು. ಬಚ್ಚಲುಮನೆಯೇ ನನ್ನ ಲ್ಯಾಬ್. ಎಚ್‌ಪಿ5ಕ್ಕೆ ಡಿ-76 ಡೆವಲಪರ್ (ಚಿತ್ರ ಮೂಡಿಸುವ ದ್ರಾವಣ) ಮತ್ತೆ ನೀರು ಬೆರೆಸದೆ, 20 ಡಿಗ್ರಿಯಲ್ಲಿ ಏಳೂವರೆ ನಿಮಿಷ. ಏಪ್ರಿಲ್‌ನಲ್ಲಿ ನಲ್ಲಿ ನೀರೇ ಬೆಚ್ಚಗಿರುತ್ತದೆ. ಹಾಗಾಗಿ ಬಕೆಟ್‌ಗೆ ಐಸ್ ಸುರಿದು ಬಾಟಲಿಗಳನ್ನು ಅದರಲ್ಲಿ ಮುಳುಗಿಸಿಡುತ್ತೇನೆ. ಅವತ್ತು ಮನೆಯಲ್ಲಿ ಯಾರಿಗೂ ತಣ್ಣನೆ ಶರಬತ್ತು ಇಲ್ಲ. ಆಮೇಲೆ ಚಿತ್ರ ಉಳಿಯುವಂತೆ ಮಾಡುವ ಫಿಕ್ಸರ್, ತೊಳೆಯುವುದು. ಫಿಲ್ಮ್ ಹಾಕಿದ್ದ ಟ್ಯಾಂಕ್ ಮುಚ್ಚಳ ತೆರೆದು ಒದ್ದೆ ನೆಗೆಟಿವ್ ಬಲ್ಬಿಗೆ ಹಿಡಿದರೆ ಕರೀ ಹಲ್ಲು, ಬಿಳೀ ಮೀಸೆ ಕಾಣುತ್ತದಲ್ಲ, ಇಷ್ಟು ವರ್ಷವಾದರೂ ಆಗ ಮೈ ಜುಮ್ಮೆನ್ನುತ್ತದೆ.

ಮಂಗಳೂರಿನಿಂದ: ಮೊದಲು ಲೆನ್ಸ್‌ನೊಳಗೆ ಟಾರ್ಚ್ ಬಿಟ್ಟು ನೋಡಿ. ಜೇಡರಬಲೆ ತರ ಕಂಡರೆ ಫಂಗಸ್. ನಮ್ಮ ಮಳೆಗಾಲಕ್ಕೆ ಎರಡು ಲೆನ್ಸ್ ಬಲಿ ಕೊಟ್ಟಿದ್ದೇನೆ. ಚರ್ಮದ ಕೇಸ್ ತೇವ ಹಿಡಿಯುತ್ತದೆ, ಅದರಲ್ಲಿ ಇಡಬೇಡಿ. ಸಿಲಿಕಾ ಜೆಲ್ ಹಾಕಿದ ಡಬ್ಬಿ ಸಾಕು. ಇನ್ನೊಂದು, ಲ್ಯಾಬಿಗೆ ಕೊಡುವುದಾದರೆ ನೆಗೆಟಿವ್ ವಾಪಸ್ ಬೇಕು ಅಂತ ಮೊದಲೇ ಹೇಳಿ. ಒಂದು ಕಡೆ ನನಗೆ ಸ್ಕ್ಯಾನ್ ಮಾತ್ರ ಕಳಿಸಿ ನೆಗೆಟಿವ್ ಎಸೆದುಬಿಟ್ಟಿದ್ದರು.

ದುಬೈಯಿಂದ: ವಿಮಾನದಲ್ಲಿ ಬರುವವರು ರೋಲ್‌ಗಳನ್ನು ಕೈಚೀಲದಲ್ಲೇ ಇಟ್ಟುಕೊಂಡು, ಕೈಯಲ್ಲೇ ಪರೀಕ್ಷಿಸಿ ಅಂತ ಕೇಳಿ. ವಿಮಾನ ನಿಲ್ದಾಣದ ಹೊಸ ಸಿ.ಟಿ. (ಎಕ್ಸ್‌ರೇ) ಸ್ಕ್ಯಾನರ್‌ಗೆ ಹೋದರೆ ಫಿಲ್ಮ್ ಮಸುಕಾಗುತ್ತದೆ. ಲಗೇಜ್‌ನಲ್ಲಂತೂ ಹಾಕಲೇಬೇಡಿ.

ಕೇಳಿದವರು ಮತ್ತೆ: ಎಲ್ಲರಿಗೂ ಥ್ಯಾಂಕ್ಸ್. ಮೈಸೂರಿನ ಸರ್, ಎಷ್ಟು ಫೋಟೊ ಆಯಿತು ಅಂತ ತೋರಿಸುವ ಮೇಲಿನ ಕೌಂಟರ್ 22 ಅಂತ ತೋರಿಸುತ್ತಿದೆ. ಹಿಂದಿನ ಬಾಗಿಲು ತೆರೆದು ನೋಡಲಾ?

ಮೈಸೂರಿನಿಂದ: ತೆರೀಬೇಡಿ! ಬಾಗಿಲು ತೆರೆದಿದ್ದರೆ ಕೌಂಟರ್ ಮೊದಲಿನ ಜಾಗಕ್ಕೆ ಹೋಗಿರುತ್ತಿತ್ತು. ಒಳಗೆ ನಿಮ್ಮಪ್ಪನ ರೋಲ್ ಇರಬಹುದು. ತಳದ ಗುಂಡಿ ಒತ್ತಿ, ರಿವೈಂಡ್ ಹಿಡಿಯನ್ನು ಬಾಣದ ಗುರುತಿನ ಕಡೆಗೆ ನಿಧಾನ ತಿರುಗಿಸಿ. ಬಿಗಿಯಾಗಿದ್ದು, ಆಮೇಲೆ ಒಮ್ಮೆಲೇ ಸಡಿಲವಾಗುತ್ತದೆ. ಆಗ ತೆರೆಯಿರಿ.