ಹಿತ್ತಲಿನಲ್ಲಿ ಕಟ್ಟಡ ಕೆಲಸದ ಮಾದರಿಯ ಹುಟ್ಟುಹಬ್ಬ: ಸಲಹೆ ಬೇಕು

ಪ್ರಶ್ನೆ: ಜೆಸಿಬಿ ಕಂಡರೆ ಊಟವನ್ನೂ ಮರೆಯುವ ನಮ್ಮ ಮಗನ ನಾಲ್ಕನೆಯ ಹುಟ್ಟುಹಬ್ಬವನ್ನು ದಾವಣಗೆರೆಯ ಮನೆಯ ಹಿತ್ತಲಿನಲ್ಲಿಯೇ ಕಟ್ಟಡ ಕೆಲಸದ ಮಾದರಿಯಲ್ಲಿ ಆಚರಿಸಬೇಕೆಂದಿದ್ದೇವೆ. ಏಪ್ರಿಲ್ ಬಿಸಿಲಿನಲ್ಲಿ ಮಕ್ಕಳನ್ನು ಹೇಗೆ ಆಡಿಸುವುದು, ತಿನ್ನಲು ಏನು ಕೊಡುವುದು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ಸಂಜೆ 5ರ ನಂತರ ಇಟ್ಟುಕೊಳ್ಳಿ. ಒಂದು ಮೂಲೆಯಲ್ಲಿ ಜರಡಿ ಹಿಡಿದ ಮರಳನ್ನು ಸುರಿದು, ದೂಳು ಏಳದಂತೆ ನೀರು ಚಿಮುಕಿಸಿ, ನಾಲ್ಕಾರು ಆಟಿಕೆ ಟಿಪ್ಪರುಗಳನ್ನು ಬಿಟ್ಟರೆ ಮಕ್ಕಳು ತಾವಾಗಿಯೇ ಕೆಲಸಕ್ಕೆ ಇಳಿಯುತ್ತಾರೆ. ನಿಜವಾದ ಸಿಮೆಂಟನ್ನು ಮಾತ್ರ ಹತ್ತಿರಕ್ಕೂ ತರಬೇಡಿ. ಒದ್ದೆಯಾದ ಸಿಮೆಂಟು ತೀಕ್ಷ್ಣ ಕ್ಷಾರವಾದ್ದರಿಂದ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ.

ಉತ್ತರ: ಇಟ್ಟಿಗೆಗೆ ಕಿರಾಣಿ ಅಂಗಡಿಯ ಖಾಲಿ ರಟ್ಟಿನ ಡಬ್ಬಗಳೇ ಸಾಕು. ಅವುಗಳಿಂದ ಗೋಡೆ ಕಟ್ಟಿಸಿ, ಹಳೆಯ ಪತ್ರಿಕೆಗಳ ಉಂಡೆಯನ್ನು ಹಗ್ಗಕ್ಕೆ ಬಿಗಿದು, ಅದನ್ನು ಬೀಸಿ ಗೋಡೆ ಕೆಡವಲು ಬಿಡಿ. ಕಟ್ಟುವುದಕ್ಕಿಂತ ಕೆಡವುವುದರಲ್ಲಿಯೇ ಅವರಿಗೆ ಹೆಚ್ಚು ಖುಷಿ. ತಿಂಡಿಗೆ ನಮ್ಮೂರಿನ ಮಂಡಕ್ಕಿ ಇರುವಾಗ ಚಿಪ್ಸ್ ಏಕೆ? ಹೊಸ ಬಾಂಡ್ಲಿಯನ್ನು ಚೆನ್ನಾಗಿ ತೊಳೆದು, ಬಾಳೆ ಎಲೆ ಹಾಸಿ, ಖಾರವಿಲ್ಲದ ಒಗ್ಗರಣೆ ಮಂಡಕ್ಕಿಯನ್ನು ಅದರಲ್ಲಿಯೇ ಬಡಿಸಿ. ಇಡೀ ಶೇಂಗಾ ಚಿಕ್ಕ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳಬಹುದಾದ್ದರಿಂದ ಅದನ್ನು ಹಾಕಬೇಡಿ. ಮೆಣಸಿನಕಾಯಿ ಬಜ್ಜಿ ದೊಡ್ಡವರಿಗಿರಲಿ.

ಉತ್ತರ: ಹಿತ್ತಲಿನಲ್ಲಿ ನೀರಿನ ಸಂಪು ಇದ್ದರೆ ಅದರ ಮುಚ್ಚಳಕ್ಕೆ ಮೊದಲು ಬೀಗ ಹಾಕಿಸಿ, ಉಳಿದದ್ದೆಲ್ಲ ಆಮೇಲೆ.